ಲಿಂಗತ್ವ ಅಲ್ಪಸಂಖ್ಯಾತರ ಸುದ್ದಿ ಬರೆಯುವಾಗ: ಕನ್ನಡ ಡೆಸ್ಕಿಗೊಂದು ಕೈಪಿಡಿ

ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಡೆಸ್ಕಿಗೆ ರಾತ್ರಿ ಹತ್ತೂವರೆಗೆ ಜಿಲ್ಲಾ ವರದಿಗಾರರಿಂದ ಎಂಟು ಸಾಲಿನ ಸುದ್ದಿ ಬರುತ್ತದೆ. ಠಾಣೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಾಹಿತಿಯನ್ನೇ ಚೂರುಪಾರು ತಿದ್ದಿ ಕಳಿಸಿರುತ್ತಾರೆ. ಹನ್ನೊಂದಕ್ಕೆ ಪುಟ ಹೋಗಬೇಕು. ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ಕನ್ನಡ ಮಾಧ್ಯಮದ ಎಡವಟ್ಟುಗಳು ಹೆಚ್ಚಾಗಿ ಹುಟ್ಟುವುದು ಈ ಅರ್ಧ ಗಂಟೆಯಲ್ಲಿ. ಭಾನುವಾರದ ಪುರವಣಿಯಲ್ಲಿ ಕಳಕಳಿಯ ಲೇಖನ ಹಾಕಿದ ಪತ್ರಿಕೆಯೇ ಸೋಮವಾರ ‘ಮಂಗಳಮುಖಿಯರ ಹಾವಳಿ’ ಎಂದು ಶೀರ್ಷಿಕೆ ಕೊಡುವುದೂ ಹೀಗೆಯೇ. ಅಲ್ಲಿ ಕೊರತೆಯಿರುವುದು ಒಳ್ಳೆಯ ಮನಸ್ಸಿನದಲ್ಲ, ಕೆಲಸದ ಕ್ರಮದ್ದು. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದೆ. ಯೂಟ್ಯೂಬ್ ಚಾನೆಲ್ ನಡೆಸುವವರಿಗೂ ಧಾರಾವಾಹಿ ಬರೆಯುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಹಂತ 1: ಈ ಸುದ್ದಿಗೆ ಆ ಗುರುತು ಬೇಕೇ?

ಕಾಪಿ ಕೈಗೆ ಬಂದ ಕೂಡಲೇ ಒಂದು ಪರೀಕ್ಷೆ ಮಾಡಿ. ವ್ಯಕ್ತಿಯ ಲಿಂಗತ್ವ ಅಥವಾ ಲೈಂಗಿಕತೆಯನ್ನು ಹೇಳುವ ಪದವನ್ನು ಅಳಿಸಿ ಸುದ್ದಿಯನ್ನು ಮತ್ತೆ ಓದಿ. ಏನೂ ಕಳೆದುಹೋಗದಿದ್ದರೆ ಆ ಪದ ಅಲ್ಲಿ ಇರಬೇಕಾಗಿಲ್ಲ. ಬಸ್ ನಿಲ್ದಾಣದಲ್ಲಿ ಮೊಬೈಲ್ ಕಳವಾಗಿದೆ, ಮೂವರ ಬಂಧನವಾಗಿದೆ, ಅವರಲ್ಲೊಬ್ಬರು ಟ್ರಾನ್ಸ್ ಮಹಿಳೆ (ಹುಟ್ಟಿದಾಗ ಗಂಡೆಂದು ದಾಖಲಾಗಿ ಮಹಿಳೆಯಾಗಿ ಬದುಕುವವರು). ಉಳಿದಿಬ್ಬರ ಜಾತಿ, ಧರ್ಮ, ದಾಂಪತ್ಯವನ್ನು ನೀವು ಬರೆಯುವುದಿಲ್ಲ. ಇದನ್ನು ಮಾತ್ರ ಏಕೆ ಬರೆಯಬೇಕು?

ಇದಕ್ಕೆ ತದ್ವಿರುದ್ಧವಾದ ತಪ್ಪೂ ಅಷ್ಟೇ ಸಾಮಾನ್ಯ. ಗುರುತಿನ ಕಾರಣಕ್ಕೇ ಹಲ್ಲೆ ನಡೆದಿದ್ದರೆ, ಬಾಡಿಗೆ ಮನೆ ನಿರಾಕರಿಸಿದ್ದರೆ, ಕೆಲಸದಿಂದ ತೆಗೆದಿದ್ದರೆ ಅದನ್ನು ಹೇಳಲೇಬೇಕು. ‘ಯುವಕನ ಮೇಲೆ ಹಲ್ಲೆ’ ಎಂದು ಬರೆದು ಕೈತೊಳೆದುಕೊಂಡರೆ ಸುದ್ದಿಯ ತಿರುಳೇ ಹೋಯಿತು.

ಹಾವಳಿ, ಕಾಟ, ದಾಂಧಲೆ, ಅಟ್ಟಹಾಸ – ಈ ನಾಲ್ಕು ಪದಗಳನ್ನು ಯಾವುದೇ ಸಮುದಾಯದ ಹೆಸರಿನ ಪಕ್ಕ ಕೂರಿಸಬೇಡಿ. ಸಿಗ್ನಲ್ಲಿನಲ್ಲಿ ಇಬ್ಬರು ಜಗಳ ಮಾಡಿದ್ದರೆ ಇಬ್ಬರು ಜಗಳ ಮಾಡಿದರು ಎಂದಷ್ಟೇ ಬರೆಯಿರಿ. ಇಡೀ ಸಮುದಾಯವನ್ನು ಅನುಮಾನದಿಂದ ನೋಡುವ ಚಾಳಿ ನಮ್ಮ ಕಾನೂನಿನಲ್ಲೂ ಇತ್ತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮು ಸಮುದಾಯವನ್ನು ಹೆಸರಿಸಿಯೇ ನಿಗಾ ಇಡಲು ಪೊಲೀಸರಿಗೆ ಅಧಿಕಾರ ಕೊಟ್ಟಿತ್ತು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಆ ಹೆಸರನ್ನು ಕಲಮಿನಿಂದ ತೆಗೆಯಲಾಯಿತು. ಶೀರ್ಷಿಕೆಗಳಿಂದ ಇನ್ನೂ ಹೋಗಿಲ್ಲ.

ಹಂತ 2: ಹೆಸರು ಮತ್ತು ಕ್ರಿಯಾಪದ

ಕನ್ನಡದಲ್ಲಿ ಎಡವುವುದು ಇಲ್ಲೇ ಹೆಚ್ಚು. ನಮ್ಮ ಕ್ರಿಯಾಪದವೇ ಲಿಂಗವನ್ನು ಹೊತ್ತಿರುತ್ತದೆ. ಬಂದನು, ಬಂದಳು ಎನ್ನದೆ ಏಕವಚನದಲ್ಲಿ ವಾಕ್ಯ ಮುಗಿಯುವುದಿಲ್ಲ. ಅಪರಾಧ ಸುದ್ದಿಯಲ್ಲಂತೂ ಆರೋಪಿಗೆ ಏಕವಚನವೇ ರೂಢಿ. ಠಾಣೆಯ ಟಿಪ್ಪಣಿ ಮತ್ತು ವರದಿಗಾರರ ಭಾಷೆ ಎರಡೂ ಬೆರೆತು ಡೆಸ್ಕಿಗೆ ಬರುವ ಕಾಪಿಯ ಒಂದು ಮಾದರಿ ಹೀಗಿರುತ್ತದೆ:

‘ಸೀರೆ ಉಟ್ಟಿದ್ದ ಆತ ತನ್ನ ಮೇಲೆ ಹಲ್ಲೆ ನಡೆದಿದೆ ಎಂದು ದೂರಿದ್ದಾಳೆ. ಗಾಯಗೊಂಡ ಮಂಗಳಮುಖಿಯನ್ನು ಆಸ್ಪತ್ರೆಗೆ ಸೇರಿಸಲಾಗಿದ್ದು, ಚಿಕಿತ್ಸೆ ಪಡೆಯುತ್ತಿದ್ದಾನೆ.’

ಎರಡೇ ವಾಕ್ಯದಲ್ಲಿ ಲಿಂಗ ಎರಡು ಸಲ ಅದಲುಬದಲಾಗಿದೆ. ತಿದ್ದಿದರೆ ಇಷ್ಟು ಸಾಕು: ‘ತಮ್ಮ ಮೇಲೆ ಹಲ್ಲೆ ನಡೆದಿದೆ ಎಂದು ಟ್ರಾನ್ಸ್ ಮಹಿಳೆಯೊಬ್ಬರು ದೂರು ನೀಡಿದ್ದಾರೆ. ಗಾಯಗೊಂಡಿರುವ ಅವರು ಜಿಲ್ಲಾಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ.’ ಸೀರೆ ಬಿಟ್ಟುಹೋಯಿತು. ಅದು ಇರಬೇಕಾಗಿಯೂ ಇರಲಿಲ್ಲ.

ಗೌರವಸೂಚಕ ಬಹುವಚನ ನಮಗಿರುವ ದೊಡ್ಡ ಅನುಕೂಲ. ‘ಅವರು’, ‘ಹೇಳಿದರು’, ‘ಬಂದವರು’ ಎಂದು ಬರೆದರೆ ಗಂಡು–ಹೆಣ್ಣೆಂಬ ಚೌಕಟ್ಟಿಗೆ ಒಪ್ಪದವರನ್ನೂ ಸಹಜವಾಗಿ ಒಳಗೊಳ್ಳಬಹುದು, ವಾಕ್ಯವೂ ಕೃತಕವಾಗುವುದಿಲ್ಲ. ಎಚ್ಚರಿಕೆ ಬೇಕಾದ್ದು ಒಂದು ಕಡೆ. ಒಂದೇ ಲೇಖನದಲ್ಲಿ ಉಳಿದ ಮಹಿಳೆಯರನ್ನೆಲ್ಲ ‘ಆಕೆ’ ಎಂದು ಕರೆದು ಟ್ರಾನ್ಸ್ ಮಹಿಳೆಯನ್ನು ಮಾತ್ರ ‘ಅವರು’ ಎಂದರೆ ಅದು ಗೌರವವಲ್ಲ, ನುಣುಚಿಕೊಳ್ಳುವುದು. ಎಲ್ಲರಿಗೂ ಒಂದೇ ಅಳತೆ ಇರಲಿ.

ಸಂದರ್ಶನ ಶುರುವಾಗುವ ಮೊದಲೇ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಿ: ಯಾವ ಹೆಸರು ಬಳಸಲಿ, ನಿಮ್ಮನ್ನು ಏನೆಂದು ಪರಿಚಯಿಸಲಿ, ಯಾವ ವಿಷಯ ಬರೆಯಬಾರದು. ಹಳೆಯ ಹೆಸರನ್ನು ‘ಅಲಿಯಾಸ್’ ಹಾಕಿ ಸೇರಿಸುವುದು ಪೊಲೀಸ್ ದಾಖಲೆಯ ಪದ್ಧತಿ, ಸುದ್ದಿಯದಲ್ಲ. ಎಫ್‌ಐಆರ್‌ನಲ್ಲಿ ಹಳೆಯ ಹೆಸರು ಮಾತ್ರ ಇದ್ದರೆ ಅವರನ್ನು ಬಲ್ಲವರಿಗೆ ಒಂದು ಫೋನ್ ಮಾಡಿ. ತೀರಿಕೊಂಡವರ ವಿಷಯದಲ್ಲಿ ಮನೆಯವರು ಒಂದು ಹೆಸರು, ಜತೆಗಿದ್ದವರು ಇನ್ನೊಂದು ಹೆಸರು ಹೇಳಬಹುದು. ಆ ವ್ಯಕ್ತಿ ಬದುಕಿದ್ದಾಗ ತಮ್ಮನ್ನು ಯಾವ ಹೆಸರಿನಿಂದ ಪರಿಚಯಿಸಿಕೊಳ್ಳುತ್ತಿದ್ದರೋ ಅದನ್ನೇ ಬಳಸಿ.

ಟ್ರಾನ್ಸ್ ಮಗಳ ಬಗ್ಗೆ ತಾಯಿ ‘ನನ್ನ ಮಗ’ ಎಂದರೆ ಉಲ್ಲೇಖಚಿಹ್ನೆಯೊಳಗಿನ ಮಾತು ತಿದ್ದಬೇಡಿ. ಉಲ್ಲೇಖ ಬಿಟ್ಟು, ತಾಯಿ ಹೇಳಿದ್ದರ ಸಾರವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.

‘ಆಪರೇಷನ್ ಆಗಿದೆಯಾ?’ ಎಂಬ ಪ್ರಶ್ನೆ ಬೇಡ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಲಿಂಗತ್ವದ ಗುರುತು ವ್ಯಕ್ತಿಯೇ ನಿರ್ಧರಿಸಿಕೊಳ್ಳುವಂಥದ್ದು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದಿತು. ಆರೋಗ್ಯ ವಿಮೆ ಅಥವಾ ಆಸ್ಪತ್ರೆ ಸೌಲಭ್ಯದ ಬಗೆಗಿನ ವರದಿಯಾದರೆ ಮಾತು ಬೇರೆ.

ಹಂತ 3: ಪದಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ

ಒಂದು ಪುಟದ ಪಟ್ಟಿ ಸಾಕು. ದೊಡ್ಡ ಕೈಪಿಡಿಯನ್ನು ರಾತ್ರಿಪಾಳಿಯಲ್ಲಿ ಯಾರೂ ತೆರೆದು ನೋಡುವುದಿಲ್ಲ.

ಇಡೀ ಸಮುದಾಯಕ್ಕೆ ‘ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರು’ ಅಥವಾ ‘ಎಲ್‌ಜಿಬಿಟಿ ಸಮುದಾಯ’ (ಲೆಸ್ಬಿಯನ್, ಗೇ, ಬೈಸೆಕ್ಷುವಲ್, ಟ್ರಾನ್ಸ್‌ಜೆಂಡರ್) ಎನ್ನಿ. ಮಂಗಳಮುಖಿ ಎಂದರೆ ಇವರೆಲ್ಲರೂ ಅಲ್ಲ. ಈ ಇಡೀ ಸಮುದಾಯ ಸೇರಿ ನಡೆಸುವ ಪ್ರೈಡ್ ಮೆರವಣಿಗೆಯ ಸುದ್ದಿಗೆ ‘ಮಂಗಳಮುಖಿಯರ ಮೆರವಣಿಗೆ’ ಎಂದು ಶೀರ್ಷಿಕೆ ಕೊಟ್ಟರೆ ಅಲ್ಲಿದ್ದ ಗೇ, ಲೆಸ್ಬಿಯನ್, ಬೈಸೆಕ್ಷುವಲ್, ಟ್ರಾನ್ಸ್ ಪುರುಷರೆಲ್ಲ ಮಾಯವಾಗುತ್ತಾರೆ. ಹಿಜ್ರಾ ಎಂಬುದು ಗುರು–ಚೇಲಾ ಸಂಬಂಧವುಳ್ಳ, ಮನೆತನಗಳ ಕಟ್ಟುಪಾಡಿನ ಸಮುದಾಯ; ಎಲ್ಲ ಟ್ರಾನ್ಸ್ ಮಹಿಳೆಯರೂ ಅದಕ್ಕೆ ಸೇರಿದವರಲ್ಲ. ಜೋಗತಿ, ಜೋಗಪ್ಪ ಎಂಬುದು ಸವದತ್ತಿ ಎಲ್ಲಮ್ಮನ ಸೇವೆಯ ಪರಂಪರೆಯಿಂದ ಬಂದದ್ದು. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು, ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು ಎಂದಮಾತ್ರಕ್ಕೆ ಬೆಂಗಳೂರಿನ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಟ್ರಾನ್ಸ್ ಮಹಿಳೆಯ ಲೇಖನಕ್ಕೆ ಚೌಡಿಕೆ ವಾದ್ಯ ಹಿಡಿದ ಜೋಗತಿಯ ಚಿತ್ರ ಹಾಕಲಾಗದು.

ಹುಟ್ಟಿದಾಗ ಹೆಣ್ಣೆಂದು ದಾಖಲಾಗಿ ಪುರುಷರಾಗಿ ಬದುಕುವವರು ಟ್ರಾನ್ಸ್ ಪುರುಷರು. ಇವರನ್ನು ಡೆಸ್ಕ್ ಆಗಾಗ ಉಲ್ಟಾ ಬರೆಯುತ್ತದೆ. ವ್ಯಕ್ತಿ ಈಗ ಹೇಗೆ ಬದುಕುತ್ತಿದ್ದಾರೋ ಆ ಪದ ‘ಟ್ರಾನ್ಸ್’ ನಂತರ ಬರುತ್ತದೆ ಎಂದು ನೆನಪಿಟ್ಟರೆ ಗೊಂದಲವಿಲ್ಲ. ಇಂಟರ್‌ಸೆಕ್ಸ್ ಎಂಬುದು ಗಂಡು–ಹೆಣ್ಣೆಂಬ ಮಾದರಿಗೆ ಹೊಂದದ ಹುಟ್ಟಿನ ದೇಹರಚನೆಯ ವಿಷಯ, ಟ್ರಾನ್ಸ್ ಎನ್ನುವುದಕ್ಕೆ ಪರ್ಯಾಯ ಪದವಲ್ಲ. ‘ಸಲಿಂಗಕಾಮಿ’ ಪತ್ರಿಕೆಗಳಲ್ಲಿ ಬೇರೂರಿದ ಪದವಾದರೂ ಇಡೀ ಸಂಬಂಧವನ್ನು ಹಾಸಿಗೆಗೆ ಇಳಿಸುತ್ತದೆಂದು ಸಮುದಾಯದ ಅನೇಕರ ಆಕ್ಷೇಪ. ‘ಸಲಿಂಗ ಪ್ರೇಮಿ’, ‘ಗೇ’, ‘ಲೆಸ್ಬಿಯನ್’ ಉತ್ತಮ. ಬೈಸೆಕ್ಷುವಲ್‌ಗೆ ‘ದ್ವಿಲಿಂಗಿ’ ಎಂದರೆ ಜೀವವಿಜ್ಞಾನದ ಬೇರೆಯೇ ಅರ್ಥ ಬರುತ್ತದೆ. ಖೋಜಾ, ಚಕ್ಕಾ, ಒಂಬತ್ತು, ನಪುಂಸಕ, ಹೆಣ್ಣಿಗ – ಇವು ಬೈಗುಳಗಳು. ದೂರಿನಲ್ಲಿ ಇದೇ ಪದದಿಂದ ನಿಂದಿಸಿದರು ಎಂದಿದ್ದರೆ ‘ಲಿಂಗತ್ವವನ್ನು ಹೀಯಾಳಿಸಿ ನಿಂದಿಸಿದರು’ ಎಂದರೆ ಓದುಗರಿಗೆ ಅರ್ಥವಾಗುತ್ತದೆ.

ಪಕ್ಕದ ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟ್ 2021ರಲ್ಲಿ ಶುರುಮಾಡಿದ ವಿಚಾರಣೆಯ ಫಲವಾಗಿ 2022ರಲ್ಲಿ ಸರ್ಕಾರವೇ ಪದಕೋಶವೊಂದನ್ನು ಗೆಜೆಟ್‌ನಲ್ಲಿ ಪ್ರಕಟಿಸಿತು. ನಿಮ್ಮ ಸಂಸ್ಥೆಯ ಪಟ್ಟಿಗೆ ಯಾವ ಗೆಜೆಟ್ಟೂ ಬೇಕಿಲ್ಲ. ಸಮುದಾಯದ ಇಬ್ಬರು–ಮೂವರನ್ನು ಕರೆಸಿ, ಗೌರವಧನ ಕೊಟ್ಟು, ಅರ್ಧ ದಿನ ಕೂತರೆ ಮುಗಿಯಿತು. ವರ್ಷಕ್ಕೊಮ್ಮೆ ತಿದ್ದಿ, ಏಕೆಂದರೆ ಪದಗಳು ಹಳತಾಗುತ್ತವೆ.

ಹಂತ 4: ಮೂರು ಬಗೆಯ ಅಪಾಯದ ಸುದ್ದಿಗಳು

ಮೊದಲನೆಯದು ಮಕ್ಕಳ ಮೇಲಿನ ದೌರ್ಜನ್ಯ. ಗಂಡಸೊಬ್ಬ ಬಾಲಕನ ಮೇಲೆ ದೌರ್ಜನ್ಯ ಎಸಗಿದರೆ ‘ಬಾಲಕನೊಂದಿಗೆ ಸಲಿಂಗಕಾಮ’ ಎಂಬ ಶೀರ್ಷಿಕೆ ಇವತ್ತಿಗೂ ಕಾಣಿಸುತ್ತದೆ. ಇದಕ್ಕಿಂತ ದೊಡ್ಡ ತಪ್ಪು ಈ ಕ್ಷೇತ್ರದಲ್ಲಿಲ್ಲ. ಅದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಪೋಕ್ಸೊ ಪ್ರಕರಣ. 2012ರ ಆ ಕಾಯ್ದೆ ಬಾಲಕ–ಬಾಲಕಿಯರೆಂಬ ಭೇದ ಮಾಡುವುದಿಲ್ಲ. ಮಗುವಿನ ಹೆಸರು, ಶಾಲೆ, ಬೀದಿ, ಪೋಷಕರ ಹೆಸರು – ಗುರುತು ಬಿಟ್ಟುಕೊಡುವ ಏನನ್ನೂ ಹಾಕುವಂತಿಲ್ಲ. ‘ಅಸ್ವಾಭಾವಿಕ ಲೈಂಗಿಕ ಕ್ರಿಯೆ’ ಎಂಬ ಮಾತೂ ಬೇಡ. ಅದು ಹಳೆಯ ದಂಡ ಸಂಹಿತೆಯ 377ನೇ ಕಲಮಿನ ಭಾಷೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ.

ಎರಡನೆಯದು ‘ನಾಪತ್ತೆ’ ಸುದ್ದಿ. ಇಬ್ಬರು ಯುವತಿಯರು ಮನೆ ಬಿಟ್ಟು ಹೋಗುತ್ತಾರೆ, ಒಂದು ಮನೆಯವರು ಠಾಣೆಗೆ ದೂರು ಕೊಡುತ್ತಾರೆ, ಮರುದಿನ ಪತ್ರಿಕೆಯಲ್ಲಿ ಭಾವಚಿತ್ರ, ಎತ್ತರ, ಮೈಬಣ್ಣ ಎಲ್ಲ ಬರುತ್ತದೆ. ಹೋದವರು ಹದಿನೆಂಟು ದಾಟಿ ಸ್ವಂತ ಇಚ್ಛೆಯಿಂದ ಹೋಗಿದ್ದರೆ ಆ ಪ್ರಕಟಣೆ ಬೆನ್ನಟ್ಟುವವರ ಕೈಗೆ ಕೊಟ್ಟ ವಿಳಾಸ. ಪ್ರಕಟಿಸುವ ಮುನ್ನ ಠಾಣೆಗೆ ಫೋನ್ ಮಾಡಿ ಕೇಳಿ: ವಯಸ್ಸೆಷ್ಟು, ತಾವೇ ಹೋದದ್ದಾಗಿ ಹೇಳಿಕೆ ಏನಾದರೂ ಬಂದಿದೆಯೇ. ಬಂದಿದ್ದರೆ ಸುದ್ದಿ ಬಿಟ್ಟುಬಿಡಿ. ಇಂಥ ಪ್ರಕರಣಗಳಲ್ಲಿ ವ್ಯಕ್ತಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸಲು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಹೇಗೆ ನಡೆಸಬೇಕೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಹೈಕೋರ್ಟುಗಳಿಗೆ ಮಾರ್ಗಸೂಚಿ ಕೊಟ್ಟಿದೆ; ವ್ಯಕ್ತಿಯ ಮನಸ್ಸು ಬದಲಿಸುವ ಆಪ್ತಸಲಹೆಗೆ ಅಲ್ಲಿ ಜಾಗವಿಲ್ಲ. ‘ಬುದ್ಧಿ ಹೇಳಿ ಮನೆಗೆ ಕಳಿಸಿದ ಪೊಲೀಸರು’ ಎಂದು ಮೆಚ್ಚುಗೆಯಿಂದ ಬರೆಯುವ ಮೊದಲು ಇದು ಗೊತ್ತಿರಲಿ.

ಮೂರನೆಯದು ಆತ್ಮಹತ್ಯೆ. ವಿಧಾನ, ಸ್ಥಳದ ವಿವರ, ಪತ್ರದ ಪೂರ್ಣಪಾಠ ಬೇಡ. ‘ಸಲಿಂಗ ಪ್ರೇಮ: ಇಬ್ಬರ ದುರಂತ ಅಂತ್ಯ’ ಎಂಬ ಶೀರ್ಷಿಕೆ ಪ್ರೇಮವನ್ನೇ ಸಾವಿನ ಕಾರಣವಾಗಿಸುತ್ತದೆ. ಬಲವಂತದ ಮದುವೆ, ಮನೆಯ ಹಿಂಸೆ, ಬೆದರಿಕೆ ಇದ್ದವೇ ಎಂದು ವಿಚಾರಿಸಿ. ಖಚಿತವಾಗದಿದ್ದರೆ ಕಾರಣವನ್ನೇ ಬರೆಯಬೇಡಿ. ಸತ್ತವರ ಲೈಂಗಿಕತೆ ಊರಿಗೆ ಗೊತ್ತಿರದಿದ್ದರೆ ಅದನ್ನು ಬಯಲು ಮಾಡುವ ಹಕ್ಕು ನಿಮಗಿಲ್ಲ. ಕೊನೆಗೆ ಟೆಲಿ ಮಾನಸ್ ಸಹಾಯವಾಣಿ 14416 ಹಾಕಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಹಂತ 5: ಚಿತ್ರ, ವಿಡಿಯೊ, ಒಪ್ಪಿಗೆ

ಮಾತಾಡಲು ಒಪ್ಪಿದವರು ಮುಖ ತೋರಿಸಲೂ ಒಪ್ಪಿದ್ದಾರೆ ಎಂದಲ್ಲ. ಒಪ್ಪಿಗೆಯನ್ನು ಬಿಡಿಬಿಡಿಯಾಗಿ ಕೇಳಿ: ಹೆಸರಿಗೆ, ಮುಖಕ್ಕೆ, ದನಿಗೆ, ಊರಿಗೆ, ಸಾಮಾಜಿಕ ಜಾಲತಾಣಕ್ಕೆ ಹಾಕುವುದಕ್ಕೆ, ಮುಂದೆ ಮರುಬಳಕೆಗೆ. ಪತ್ರಿಕೆಯಲ್ಲಿ ಬಂದರೆ ಪರವಾಗಿಲ್ಲ, ಆದರೆ ಫೇಸ್‌ಬುಕ್‌ನಲ್ಲಿ ಹಾಕಿದರೆ ಊರಿನ ಅಣ್ಣ ನೋಡುತ್ತಾನೆ ಎನ್ನುವವರು ಬಹಳ.

ಮುಖ ಮಸುಕು ಮಾಡಿದರೆ ಕೆಲಸ ಮುಗಿಯಲಿಲ್ಲ. ಗುರುತು ಹಿಡಿಯುವುದು ಕೈಮೇಲಿನ ಹಚ್ಚೆ, ಉಂಗುರ, ಗೋಡೆಯ ಮೇಲಿನ ಕುಟುಂಬದ ಫೋಟೊ, ಕಿಟಕಿಯಾಚೆಯ ಅಂಗಡಿ ಫಲಕ, ಬೈಕಿನ ನಂಬರ್, ಕೊನೆಗೆ ಮಾತಿನ ಧಾಟಿಯಿಂದ. ಸಂಕಲನ ಮುಗಿದ ಮೇಲೆ ವಿಷಯ ಗೊತ್ತಿಲ್ಲದ ಸಹೋದ್ಯೋಗಿಯೊಬ್ಬರಿಗೆ ತೋರಿಸಿ, ಇದು ಯಾವ ಊರು, ಯಾರ ಮನೆ ಎಂದು ಊಹಿಸಲು ಹೇಳಿ. ಅವರು ಊಹಿಸಿದರೆ ಅಣ್ಣನೂ ಊಹಿಸುತ್ತಾನೆ. ಮಸುಕನ್ನು ಮೂಲ ಕಡತಕ್ಕೇ ಹಾಕಿ ಉಳಿಸಿ. ಇಲ್ಲದಿದ್ದರೆ ಆರು ತಿಂಗಳ ನಂತರ ಪ್ರೋಮೊ ಮಾಡುವವರು ಮಸುಕಿಲ್ಲದ ದೃಶ್ಯವನ್ನೇ ಎತ್ತಿಕೊಳ್ಳುತ್ತಾರೆ.

ಬೆಂಗಳೂರಿನ ಪ್ರೈಡ್ ನಡಿಗೆ 2008ರಿಂದ ನಡೆಯುತ್ತಿದೆ. ಅಲ್ಲಿ ಮುಖವಾಡ ತೊಟ್ಟವರ ಮೇಲೆ ಜೂಮ್ ಮಾಡುವುದು, ಮುಖವಾಡ ಸರಿಪಡಿಸಿಕೊಳ್ಳುವ ಕ್ಷಣಕ್ಕೆ ಕಾಯುವುದು ಛಾಯಾಗ್ರಾಹಕರ ಜಾಣತನವಲ್ಲ. ಇನ್ನು ಕಡತದ ಚಿತ್ರ. ಮೀಸಲಾತಿ, ಆರೋಗ್ಯ, ಚುನಾವಣೆ, ಸುದ್ದಿ ಯಾವುದೇ ಇರಲಿ, ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟುವ ಅದೇ ಹಳೆಯ ದೃಶ್ಯ ಓಡುತ್ತದೆ. ಕಡತದಿಂದ ಅದನ್ನು ಅಳಿಸಿಬಿಡಿ. ಕಚೇರಿ, ತರಗತಿ, ಅಡುಗೆಮನೆ, ಮತಗಟ್ಟೆಯ ಚಿತ್ರಗಳನ್ನು ಒಪ್ಪಿಗೆ ಪಡೆದು ಹೊಸದಾಗಿ ತೆಗೆಸಿಡಿ.

ಗುಪ್ತ ಕ್ಯಾಮೆರಾ ಕೂಡದು. 2010ರ ಫೆಬ್ರುವರಿಯಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಾಸ್ ಅವರ ಸಲಿಂಗ ಸಂಬಂಧವನ್ನು ಸೆರೆಹಿಡಿಯಲು ಅವರ ಮನೆಗೆ ಕ್ಯಾಮೆರಾ ಹಿಡಿದು ನುಗ್ಗಿದ್ದರ ಪರಿಣಾಮ ಇದು: ಅಮಾನತು, ಏಪ್ರಿಲ್‌ನಲ್ಲಿ ಅಲಹಾಬಾದ್ ಹೈಕೋರ್ಟಿನಿಂದ ತಡೆಯಾಜ್ಞೆ, ಕೆಲವೇ ದಿನಗಳಲ್ಲಿ ಸಾವು. ಮರುವರ್ಷ ಹೈದರಾಬಾದಿನ ಗೇ ಪುರುಷರ ಮೇಲೆ ‘ಕುಟುಕು ಕಾರ್ಯಾಚರಣೆ’ ಮಾಡಿ ದನಿ, ಚಿತ್ರ ಪ್ರಸಾರ ಮಾಡಿದ ಟಿವಿ9 ವಾಹಿನಿಗೆ ಸುದ್ದಿ ಪ್ರಸಾರ ಗುಣಮಟ್ಟ ಪ್ರಾಧಿಕಾರ 1 ಲಕ್ಷ ರೂಪಾಯಿ ದಂಡ ಹಾಕಿ, ಕ್ಷಮೆಯನ್ನು ಪ್ರಸಾರ ಮಾಡಿಸಿತು.

ಹಂತ 6: ಕಾನೂನಿನ ಸಾಲುಗಳನ್ನು ಎರಡು ಸಲ ನೋಡಿ

ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪು ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಅದೇ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪು ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡುವುದು ಶಾಸಕಾಂಗಕ್ಕೆ ಬಿಟ್ಟದ್ದು ಎಂದಿತು. ಇವೆರಡನ್ನೂ ಕಲಸಿ ‘ಸಲಿಂಗ ಮದುವೆ ಅಪರಾಧ’ ಎಂದು ಬರೆಯುವವರಿದ್ದಾರೆ. ಮದುವೆಗೆ ಕಾನೂನಿನ ಮಾನ್ಯತೆ ಇಲ್ಲ, ಅಷ್ಟೇ. ಜತೆಗಿರುವುದು, ಸಮಾರಂಭ ಮಾಡಿಕೊಳ್ಳುವುದು ಅಪರಾಧವಲ್ಲ. ಅದೇ ತೀರ್ಪಿನಲ್ಲಿ, ಗಂಡು–ಹೆಣ್ಣಿನ ಸಂಬಂಧದಲ್ಲಿರುವ ಟ್ರಾನ್ಸ್ ವ್ಯಕ್ತಿಗಳು ಈಗಿನ ವಿವಾಹ ಕಾಯ್ದೆಗಳಡಿಯೇ ಮದುವೆಯಾಗಬಹುದು ಎಂದೂ ಇದೆ. ಹಾಗಾಗಿ ಟ್ರಾನ್ಸ್ ಮಹಿಳೆ ಮತ್ತು ಪುರುಷನ ಮದುವೆಯನ್ನು ಸಲಿಂಗ ವಿವಾಹವೆಂದು ಕರೆಯುವುದು ಎರಡು ಬಗೆಯಲ್ಲಿ ತಪ್ಪು.

2021ರಲ್ಲಿ ಕರ್ನಾಟಕವು ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೆ ಶೇ 1 ಮೀಸಲಾತಿ ತಂದಿತು. ಅದು ಸಮತಲ ಮೀಸಲಾತಿ, ಸಾಮಾನ್ಯ ವರ್ಗವೂ ಸೇರಿ ಪ್ರತಿ ಪ್ರವರ್ಗದ ಒಳಗೇ ಸಿಗುವಂಥದ್ದು. ಯಾವುದೋ ಜಾತಿಯ ಪಾಲು ಕಿತ್ತು ಕೊಟ್ಟದ್ದೆಂಬ ಧಾಟಿ ಬರದಂತೆ ನೋಡಿಕೊಳ್ಳಿ. ಸಮುದಾಯದ ಜನಸಂಖ್ಯೆಗೆ ಸಾಮಾನ್ಯವಾಗಿ ಉಲ್ಲೇಖಿಸುವುದು 2011ರ ಜನಗಣತಿಯ ಸುಮಾರು 4.88 ಲಕ್ಷವನ್ನು. ಅದು ಲಿಂಗದ ಕಾಲಂನಲ್ಲಿ ‘ಇತರೆ’ ಎಂದು ದಾಖಲಾದವರ ಸಂಖ್ಯೆ. ತಮ್ಮನ್ನು ಗಂಡು ಅಥವಾ ಹೆಣ್ಣೆಂದೇ ಬರೆಸಿದ ಟ್ರಾನ್ಸ್ ವ್ಯಕ್ತಿಗಳು ಅದರಲ್ಲಿಲ್ಲ, ಗೇ–ಲೆಸ್ಬಿಯನ್ನರಂತೂ ಲೆಕ್ಕಕ್ಕೇ ಬಂದಿಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆಯ ಬಗ್ಗೆ ಬರೆಯುವಾಗ ಹಳೆಯ ಲೇಖನದಿಂದ ನಕಲು ಮಾಡದೆ ಆ ದಿನ ಜಾರಿಯಲ್ಲಿರುವ ಪಠ್ಯವನ್ನೇ ತೆರೆದು ನೋಡಿ.

ಹಂತ 7: ಯಾರಿಗೆ ಫೋನ್ ಮಾಡುವಿರಿ?

ಡೆಸ್ಕಿನ ಬಳಿ ಸಾಮಾನ್ಯವಾಗಿ ಒಂದೆರಡೇ ನಂಬರ್ ಇರುತ್ತವೆ, ಅವೂ ಬೆಂಗಳೂರಿನವು. 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದ ಟ್ರಾನ್ಸ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರನ್ನೇ ಎಲ್ಲದಕ್ಕೂ ಕೇಳಿದರೆ ಅವರಿಗೂ ಅನ್ಯಾಯ, ಓದುಗರಿಗೂ. ಬಜೆಟ್ ಸುದ್ದಿಗೆ ಟ್ರಾನ್ಸ್ ಪುರುಷರೊಬ್ಬರು, ಮೀಸಲಾತಿ ಸುದ್ದಿಗೆ ರಾಯಚೂರಿನ ಅಭ್ಯರ್ಥಿ, ಮಳೆಹಾನಿ ಸುದ್ದಿಗೆ ಮನೆ ಕಳೆದುಕೊಂಡ ಜೋಗಪ್ಪ – ಹೀಗೆ ಪಟ್ಟಿ ಬೆಳೆಸಿ. ಸಮುದಾಯದವರನ್ನು ಸಮುದಾಯದ ವಿಷಯಕ್ಕಷ್ಟೇ ಕೇಳಬೇಕೆಂದೇನೂ ಇಲ್ಲ; ಬೆಲೆಯೇರಿಕೆ ಅವರಿಗೂ ತಟ್ಟುತ್ತದೆ.

ಟಿವಿ ಚರ್ಚೆಯಲ್ಲಿ ಒಂದು ಕಡೆ ಟ್ರಾನ್ಸ್ ಮಹಿಳೆ, ಇನ್ನೊಂದು ಕಡೆ ‘ಇದೆಲ್ಲ ನಮ್ಮ ಸಂಸ್ಕೃತಿಯಲ್ಲ’ ಎನ್ನುವವರು ಕೂತರೆ ಅದು ಸಮತೋಲನವಲ್ಲ. ಒಬ್ಬರ ಬದುಕನ್ನೇ ಚರ್ಚೆಯ ವಿಷಯ ಮಾಡಿದಂತಾಯಿತು. ಪಿಂಚಣಿ ಬರುತ್ತಿಲ್ಲ ಎಂಬ ಚರ್ಚೆಗೆ ಎದುರು ಕೂರಬೇಕಾದವರು ಇಲಾಖೆಯ ಅಧಿಕಾರಿ. ವೈದ್ಯರನ್ನು ಕರೆಸುವಾಗಲೂ ವಿಚಾರಿಸಿ. ಲೈಂಗಿಕತೆ, ಲಿಂಗತ್ವವನ್ನು ‘ಗುಣಪಡಿಸುತ್ತೇವೆ’ ಎನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಹೇಳಿದೆ. ಅಂಥವರ ಪ್ರಾಯೋಜಿತ ಕಾರ್ಯಕ್ರಮ ಬಂದರೆ ಜಾಹೀರಾತು ವಿಭಾಗಕ್ಕೆ ಬೇಡವೆನ್ನಬೇಕು, ಕಷ್ಟವಾದರೂ.

ಹಂತ 8: ಕಥೆ, ಧಾರಾವಾಹಿ, ಕಾಮಿಡಿ ಶೋ

ಇಲ್ಲಿ ಹೇಳಬೇಕಾದ್ದು ಕಡಿಮೆ. ಗಂಡಸರು ಸೀರೆ ಉಟ್ಟು ನಗಿಸುವುದು ನಮ್ಮ ರಂಗಭೂಮಿಗೆ ಹೊಸದೇನಲ್ಲ, ಯಕ್ಷಗಾನದ ಸ್ತ್ರೀವೇಷವಂತೂ ದೊಡ್ಡ ಕಲೆ. ನಗು ಯಾವುದರಿಂದ ಬರುತ್ತಿದೆ ಎಂದು ಸ್ಕ್ರಿಪ್ಟಿನಲ್ಲಿ ಗುರುತು ಹಾಕಿ. ಪಾತ್ರದ ಜಾಣತನದಿಂದಲೋ ಪೆದ್ದುತನದಿಂದಲೋ ಬಂದರೆ ಸರಿ. ನಡಿಗೆ, ದನಿ, ಕೈಬೀಸುವ ರೀತಿ ಕಂಡ ತಕ್ಷಣ ಹಿನ್ನೆಲೆಯಲ್ಲಿ ‘ಟುಂಯ್’ ಎಂದು ಸದ್ದು ಹಾಕಿದರೆ ನಗುತ್ತಿರುವುದು ಮನುಷ್ಯರನ್ನು ನೋಡಿ. ಟ್ರಾನ್ಸ್ ಮಹಿಳೆಯ ಪಾತ್ರಕ್ಕೆ ಗಡಸು ಗಂಡುದನಿ ಡಬ್ ಮಾಡಿಸುವುದೂ ಇದೇ ಜಾತಿಯದು.

ನಟ ಸಂಚಾರಿ ವಿಜಯ್ 2014ನೇ ಸಾಲಿನ ರಾಷ್ಟ್ರ ಪ್ರಶಸ್ತಿ ಪಡೆದದ್ದು ‘ನಾನು ಅವನಲ್ಲ ಅವಳು’ ಚಿತ್ರದ ಟ್ರಾನ್ಸ್ ಮಹಿಳೆಯ ಪಾತ್ರಕ್ಕೆ. ಪುರುಷ ನಟರು ಇಂಥ ಪಾತ್ರ ಮಾಡಲೇಬಾರದು ಎಂಬ ವಾದಕ್ಕಿಂತ, ಮೊದಲು ಟ್ರಾನ್ಸ್ ಕಲಾವಿದರನ್ನು ಆಡಿಷನ್‌ಗೆ ಕರೆಯಿರಿ ಎಂಬ ಬೇಡಿಕೆ ಕೆಲಸಕ್ಕೆ ಬರುವಂಥದ್ದು. ನೆರೆಮನೆಯವರು, ವಕೀಲರು, ಬಸ್ ಕಂಡಕ್ಟರ್ ಪಾತ್ರಗಳಿಗೂ ಕರೆಯಿರಿ. ಸಲಹೆಗಾರರನ್ನು ಕಥೆಯ ಎಳೆ ಹೊಳೆದಾಗಲೇ ಸೇರಿಸಿಕೊಳ್ಳಿ, ಸಂಭಾವನೆ ಕೊಡಿ, ಶೀರ್ಷಿಕೆಪಟ್ಟಿಯಲ್ಲಿ ಹೆಸರು ಹಾಕಿ. ಚಿತ್ರೀಕರಣದ ದಿನ ಕರೆದು ‘ಸೀರೆ ಸರಿಯಾಗಿದೆಯಾ ನೋಡಿ’ ಎಂದರೆ ಅವರೇನೂ ಮಾಡಲಾರರು.

ಹಂತ 9: ಪ್ರಕಟವಾದ ಮೇಲೆ

ತಪ್ಪು ಲಿಂಗ, ಹಳೆಯ ಹೆಸರು ಹೋಗಿದ್ದರೆ ಕೂಡಲೇ ತಿದ್ದಿ. ‘ವ್ಯಕ್ತಿಯನ್ನು ತಪ್ಪಾಗಿ ಉಲ್ಲೇಖಿಸಲಾಗಿತ್ತು, ಸರಿಪಡಿಸಲಾಗಿದೆ’ ಎಂಬ ಸಾಲು ಸಾಕು. ತಿದ್ದುಪಡಿಯಲ್ಲೇ ಹಳೆಯ ಹೆಸರನ್ನು ಮತ್ತೆ ಬರೆದುಬಿಡುವುದು ಬಹಳ ಸಲ ಆಗುತ್ತದೆ. ವೆಬ್‌ನಲ್ಲಿ ಪಠ್ಯ ತಿದ್ದಿದರೂ ಲಿಂಕಿನ ವಿಳಾಸ, ಚಿತ್ರದ ಅಡಿಬರಹ, ಗೂಗಲ್‌ಗೆ ಕೊಟ್ಟ ವಿವರಣೆ, ಟ್ಯಾಗ್, ಇ–ಪೇಪರ್, ವಾಟ್ಸ್‌ಆ್ಯಪ್ ಕಾರ್ಡುಗಳಲ್ಲಿ ಹಳೆಯದು ಉಳಿದಿರುತ್ತದೆ. ಒಂದೊಂದನ್ನೂ ತೆರೆದು ನೋಡಬೇಕು.

ಕಾಮೆಂಟುಗಳನ್ನು ಇಂಥ ಸುದ್ದಿಗಳಿಗೆ ಮೊದಲ ಎರಡು ದಿನ ಪರಿಶೀಲಿಸಿಯೇ ಬಿಡಿ, ಜನವಿಲ್ಲದಿದ್ದರೆ ಮುಚ್ಚಿಡಿ. ಯೂಟ್ಯೂಬ್‌ನ ತಡೆಪದಗಳ ಪಟ್ಟಿಗೆ ಮೂರನೇ ಹಂತದ ಬೈಗುಳಗಳನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಿ, 9 ಎಂಬ ಅಂಕಿಯನ್ನು ಮಾತ್ರ ಬಿಟ್ಟು. ಅದನ್ನು ಹಾಕಿದರೆ ಫೋನ್ ನಂಬರಿರುವ ಎಲ್ಲ ಕಾಮೆಂಟೂ ಸಿಕ್ಕಿಬೀಳುತ್ತದೆ. ಮಾತಾಡಿದವರಿಗೆ ಸುದ್ದಿ ಪ್ರಕಟವಾಗುವ ಗಂಟೆಯನ್ನು ಮೊದಲೇ ತಿಳಿಸಿ, ಮರುದಿನ ಫೋನ್ ಮಾಡಿ. ಮನೆಯಲ್ಲಿ, ಕೆಲಸದ ಜಾಗದಲ್ಲಿ ತೊಂದರೆಯಾಗಿದ್ದರೆ ಚಿತ್ರ ತೆಗೆಯುವ ಅಧಿಕಾರ ರಾತ್ರಿಪಾಳಿಯ ಮುಖ್ಯಸ್ಥರಿಗೂ ಇರಬೇಕು, ಸಂಪಾದಕರು ಬೆಳಿಗ್ಗೆ ಬರುವವರೆಗೆ ಕಾಯುವಂತಾಗಬಾರದು.